ಹೊಗಳಿ ಬರೆದ ಹಾಳೆಗೆ ಬಂದ ನೋಟಿಸು

ಕಲ್ಯಾಣದ ಹೊರಗೆ, ಉಲ್ಹಾಸ ನದಿಯಿಂದ ನೀರೆತ್ತುವ ಒಂದು ಪಂಪ್‌ಹೌಸು. ಜನವರಿಯ ಬೆಳಗು, ಆರು ಗಂಟೆಗೆ ಇನ್ನೂ ಹತ್ತು ನಿಮಿಷ. ದೀಪದ ಬೆಳಕಿನಾಚೆ ಕತ್ತಲು, ಮಂಜು; ನದಿಯ ಆಚೆ ದಡ ಕಾಣುವುದಿಲ್ಲ. ನೀರು ಒಳಗೆ ಹೋಗುವ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿದ್ದಾರೆ. ಹರಿದು ಬಂದ ಜಲಪರ್ಣಿ, ಅಂದರೆ ನೀರಿನ ಮೇಲೆ ತೇಲಿ ಬೆಳೆಯುವ ದಪ್ಪ ಎಲೆಯ ಕಳೆ, ಜಾಲರಿಗೆ ಗೋಡೆ ಕಟ್ಟಿದಂತೆ ಒತ್ತಿಕೊಂಡಿದೆ. ಯೋಗೀಶ್ ಎಂಬ ಕೆಲಸಗಾರ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಉದ್ದನೆಯ ಕೊಕ್ಕೆಯಿಂದ ಅದನ್ನು ಎಳೆದೆಳೆದು ಕಟ್ಟೆಗೆ ಹಾಕುತ್ತಿದ್ದಾರೆ. ಅವರಿಂದ ಹತ್ತು ಹೆಜ್ಜೆ ದೂರದಲ್ಲಿ, ಸ್ವೆಟರಿನ ಮೇಲೆ ಸೆರಗು ಬಿಗಿದ ಹೆಂಗಸೊಬ್ಬರು ನಿಂತಿದ್ದಾರೆ. ಅವರ ಬಾಯಲ್ಲಿ ಮಾತಿಲ್ಲ. ಆಗಾಗ ಕೈಗಡಿಯಾರ ನೋಡುತ್ತಾರೆ, ನೋಟ್‌ಬುಕ್ಕಿನಲ್ಲಿ ಏನೋ ಗುರುತು ಹಾಕುತ್ತಾರೆ.

ಯೋಗೀಶ್‌ಗೆ ಆ ಮೌನ ಹಿತವೆನಿಸುವುದಿಲ್ಲ. "ಮ್ಯಾಡಮ್, ಫೋಟೋ ತೆಗೀತೀರಾ? ಹೆಲ್ಮೆಟ್ ಹಾಕ್ಕೊಳ್ತೇನೆ," ಎಂದು ಮರಾಠಿಯಲ್ಲಿ ಕೇಳುತ್ತಾರೆ.

"ದಿನಾ ಹಾಕ್ತೀರಾ?"

"ಸಾಹೇಬರು ಬಂದಾಗ ಹಾಕ್ತೇನೆ."

"ಹಾಗಾದ್ರೆ ಬೇಡ. ನಾನು ಸಾಹೇಬಳಲ್ಲ."

ಮುಕ್ಕಾಲು ಗಂಟೆಯ ಬಳಿಕ ಜಾಲರಿ ಬರಿದಾಗುತ್ತದೆ. ಯೋಗೀಶ್ ಹಗ್ಗ ಬಿಚ್ಚಿ, ಕೈ ಒರೆಸಿಕೊಂಡು ಬರುತ್ತಾರೆ. ಹೆಂಗಸು ನೋಟ್‌ಬುಕ್ಕು ತೆರೆದು, ಬರೆದದ್ದನ್ನು ಒಂದೊಂದಾಗಿ ಓದಿ ಹೇಳುತ್ತಾರೆ. ಒಂದು ಸಾಲಿನಲ್ಲಿ ನಿಲ್ಲುತ್ತಾರೆ. "'ಹಗ್ಗದ ಇನ್ನೊಂದು ತುದಿಯನ್ನು ತಾವೇ ಕಂಬಕ್ಕೆ ಕಟ್ಟಿಕೊಂಡು ಒಬ್ಬರೇ ಇಳಿಯುತ್ತಾರೆ.' ಇದನ್ನು ಬರೀಲಾ?"

ಯೋಗೀಶ್ ಯೋಚಿಸುತ್ತಾರೆ. "ನಕೋ ಮ್ಯಾಡಮ್. ಇಬ್ಬರು ಇರಬೇಕು ಅಂತ ರೂಲ್ ಇದೆ. ನನ್ನ ಜೋಡಿಯವನು ನಾಲ್ಕು ದಿನದಿಂದ ಬರ್ತಿಲ್ಲ. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ. ಬರೆದ್ರೆ ಅವನು ಸಿಕ್ಕಿಹಾಕ್ಕೊಳ್ತಾನೆ."

ಹೆಂಗಸು ಆ ಸಾಲಿನ ಮೇಲೆ ನೇರವಾಗಿ ಒಂದು ಗೆರೆ ಎಳೆಯುತ್ತಾರೆ. ಇಡೀ ಪುಟದಲ್ಲಿ ಅದೇ ತೂಕದ ಸಾಲಾಗಿತ್ತು. "ಹೊಡೆದು ಹಾಕಿದೆ. ಆದ್ರೆ ಅವನು ಬರುವ ತನಕ ವಾಚ್‌ಮನ್‌ನನ್ನಾದ್ರೂ ಕರೆದು ಹಗ್ಗ ಹಿಡಿಸಿ. ಇಲ್ಲದಿದ್ರೆ ಆಮೇಲೆ ನಿಮ್ಮ ಬಗ್ಗೆ ಬರೆಯೋಕೆ ನೀವೇ ಇರೋದಿಲ್ಲ," ಎನ್ನುತ್ತಾರೆ.

ಇವರು ಚಂಪಾ. ವಯಸ್ಸು ಐವತ್ತಾರು. ಬೇಲಾಪುರದಲ್ಲಿರುವ ಒಂದು ಸರಕಾರಿ ನೀರು ಮಂಡಳಿಯ ಸಿಬ್ಬಂದಿ ಶಾಖೆಯಲ್ಲಿ ಹಿರಿಯ ಗುಮಾಸ್ತೆ. ಮಂಡಳಿಯ ಹೆಸರು ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಪ್ರತಿವರ್ಷ ಮೇ ತಿಂಗಳ ಮೊದಲ ದಿನ ಆ ಮಂಡಳಿ ತನ್ನ ಎರಡು ಸಾವಿರದ ಮುನ್ನೂರು ನೌಕರರಲ್ಲಿ ಒಂಬತ್ತು ಮಂದಿಗೆ 'ಗುಣವಂತ ಕರ್ಮಚಾರಿ' ಪ್ರಶಸ್ತಿ ಕೊಡುತ್ತದೆ. ಶಾಲು, ತೆಂಗಿನಕಾಯಿ, ಒಂದು ಫಲಕ. ಯಾರಿಗೆ ಕೊಡಬೇಕೆಂದು ನಿರ್ಧರಿಸಲು ಸಮಿತಿಯಿದೆ. ಸಮಿತಿಯ ಮುಂದೆ ಬರುವುದು ಒಂದೊಂದು ಹಾಳೆಯ ಶಿಫಾರಸು. ಆ ಹಾಳೆಯ ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ ಇರುತ್ತದೆ. ಕೆಲವು ವಿಭಾಗಗಳ ಹಾಳೆಗಳನ್ನು ಬರೆಯುವವರು ಮಾತ್ರ ಚಂಪಾ; ಉಳಿದವು ಬೇರೆ ಗುಮಾಸ್ತರ ಪಾಲು. ಎಡಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಬೆರಳಚ್ಚುಗಾರರ ಗುರುತಿನ ಎರಡಕ್ಷರ ಇರುತ್ತದೆ. ಇಪ್ಪತ್ತೇಳು ವರ್ಷಗಳಲ್ಲಿ ಅವರು ಬರೆದ ಶಿಫಾರಸುಗಳು ನೂರ ಅರುವತ್ತೊಂದು. ಅವುಗಳಲ್ಲಿ ಪ್ರಶಸ್ತಿ ಬಂದದ್ದು ನಲವತ್ತನಾಲ್ಕು ಮಂದಿಗೆ. ಶಾಲು ಹೊದಿಸಿದ ನಲವತ್ತನಾಲ್ಕು ಫೋಟೋಗಳಲ್ಲಿ ಒಂದರಲ್ಲೂ ಚಂಪಾ ಇಲ್ಲ. ಪ್ರಶಸ್ತಿಯ ಕಡತ ಮುಟ್ಟುವ ನೌಕರರು ಪ್ರಶಸ್ತಿಗೆ ಅರ್ಹರಲ್ಲ ಎಂಬುದು ನಿಯಮ. ಆ ನಿಯಮವನ್ನು ಟೈಪ್ ಮಾಡಿದವರೂ ಅವರೇ.

ಮಾಮೂಲಿ ದಿನಗಳಲ್ಲಿ ಅವರು ಡೊಂಬಿವಲಿಯಿಂದ ಏಳೂ ನಲವತ್ತೆಂಟರ ಲೋಕಲ್ ಹಿಡಿದು, ಥಾಣೆಯಲ್ಲಿ ಇಳಿದು, ಪನ್ವೇಲ್ ಗಾಡಿ ಬದಲಿಸಿ ಬೇಲಾಪುರ ಸೇರುತ್ತಾರೆ. ಜನವರಿ, ಫೆಬ್ರವರಿ ಬಂದರೆ ಲೆಕ್ಕ ತಪ್ಪುತ್ತದೆ. ಹೆಸರು ಸೂಚಿಸಲಾದ ಪ್ರತಿಯೊಬ್ಬರ ಕೆಲಸವನ್ನೂ ಎರಡು ಬಾರಿಯಾದರೂ ಕಣ್ಣಾರೆ ನೋಡದೆ ಅವರು ಬರೆಯುವುದಿಲ್ಲ. ನೀರಿನ ಕೆಲಸವೆಲ್ಲ ಬೆಳಕು ಹರಿಯುವ ಮುಂಚೆ ನಡೆಯುವುದರಿಂದ ಆ ಎರಡು ತಿಂಗಳು ಅವರ ಅಲಾರಾಂ ಮೂರೂ ಮುಕ್ಕಾಲಿಗೆ ಹೊಡೆಯುತ್ತದೆ. ಹೀಗೆ ಹೋಗಿ ನೋಡಬೇಕೆಂದು ಯಾವ ಸುತ್ತೋಲೆಯೂ ಹೇಳಿಲ್ಲ.

"ಕೆಲಸವನ್ನು ಅದರ ಹೊತ್ತಿಗೇ ನೋಡಬೇಕು," ಎನ್ನುತ್ತಾರೆ ಚಂಪಾ. "ಹನ್ನೊಂದು ಗಂಟೆಗೆ ಹೋದ್ರೆ ಮನುಷ್ಯ ಸಿಗ್ತಾನೆ, ಕೆಲಸ ಸಿಗುವುದಿಲ್ಲ."

ಗಂಡ ವಸಂತಕುಮಾರ ಡೊಂಬಿವಲಿ ಪೂರ್ವದ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಗಲ್ಲೆಯಲ್ಲಿ ಕೂರುವವರು. ಮುಂಜಾವದ ಚಾ ಮಾಡುವುದು ಅವರ ಪಾಲು. "ಇವಳು ಊರವರಿಗೆಲ್ಲ ಸರ್ಟಿಫಿಕೇಟು ಕೊಡ್ತಾಳೆ ಮಾರಾಯ್ರೆ. ನನ್ನ ಚಾಕ್ಕೆ ಮಾತ್ರ ಇಷ್ಟು ವರ್ಷದಲ್ಲಿ ಒಂದು ಮಾತು ಬರಲಿಲ್ಲ," ಎಂದು ಅವರು ನಗುತ್ತಾರೆ.

"ಚಾ ಒಳ್ಳೆದಾದ ದಿನ ಬರೀತೇನೆ," ಎಂದು ಒಳಗಿನಿಂದ ಉತ್ತರ ಬರುತ್ತದೆ.

ಚಂಪಾ ಹುಟ್ಟಿದ್ದು ಉಡುಪಿಯ ಕಡೆ, ಪೆರ್ಡೂರಿನ ಬಳಿಯ ಒಂದು ಹಳ್ಳಿಯಲ್ಲಿ. ತಾಯಿ ಬೀಡಿ ಕಟ್ಟುತ್ತಿದ್ದರು. ಶನಿವಾರ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಒಯ್ಯುವಾಗ ಎಂಟು ವರ್ಷದ ಹುಡುಗಿ ಜೊತೆಗೆ ಹೋಗುತ್ತಿದ್ದಳು. ಜಗಲಿಯಲ್ಲಿ ಹೆಂಗಸರ ಸಾಲು. ಒಳಗೆ ಬೀಡಿ ನೋಡುವ ಚೆಕ್ಕರ್. ಆತ ಕಟ್ಟುಗಳನ್ನು ಎತ್ತಿ ಎತ್ತಿ ತಿರುಗಿಸಿ ನೋಡುತ್ತಿದ್ದ. ಸರಿಯಿದ್ದ ಕಟ್ಟನ್ನು ಮಾತಿಲ್ಲದೆ ಬುಟ್ಟಿಗೆ ಹಾಕುತ್ತಿದ್ದ. ಒಂದು ಕಟ್ಟು ಸಡಿಲ ಇದ್ದರೆ ಮಾತ್ರ ಇಡೀ ಸಾಲಿಗೆ ಕೇಳುವಂತೆ ಬಾಯಿ ತೆರೆಯುತ್ತಿದ್ದ. "ಅಮ್ಮನ ಕೈ ಎಷ್ಟು ಚೆಂದ ಅಂತ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದ್ರೆ ಆ ಬ್ರಾಂಚಿನಲ್ಲಿ ಅವರ ಹೆಸರು ಕೇಳಿದ್ದು ಬೈಗುಳದ ಜೊತೆಗೆ ಮಾತ್ರ, ವರ್ಷಕ್ಕೆ ಮೂರೋ ನಾಲ್ಕೋ ಸಲ," ಎಂದು ಚಂಪಾ ನೆನೆಯುತ್ತಾರೆ.

ಮದುವೆಯಾಗಿ ಡೊಂಬಿವಲಿಗೆ ಬಂದು, ಮರಾಠಿ ಕಲಿತು, ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಮಂಡಳಿಗೆ ಸೇರಿದಾಗ ಅವರ ಮೇಜಿಗೆ ಬಂದದ್ದು ನೌಕರರ ಸರ್ವಿಸ್ ಬುಕ್ಕುಗಳ ರಾಶಿ. ಮೂವತ್ತು ವರ್ಷ ದುಡಿದವನ ಪುಸ್ತಕ ತೆರೆದರೂ ಒಳಗೆ ಇರುತ್ತಿದ್ದದ್ದು ರಜೆ, ಬಡ್ತಿ, ವರ್ಗಾವಣೆ. ತಪ್ಪು ಮಾಡಿದ್ದರೆ ಅದು ಕೆಂಪು ಶಾಯಿಯಲ್ಲಿ. ಒಳ್ಳೆಯದು ಮಾಡಿದ್ದಕ್ಕೆ ಅಂಕಣವೇ ಇರಲಿಲ್ಲ. ಚಂಪಾ ಅವತ್ತು ಮನೆಗೆ ಬಂದು ಗಂಡನಿಗೆ ಹೇಳಿದರಂತೆ: "ಇದು ಸಹ ಬೀಡಿ ಬ್ರಾಂಚೇ."

ಪ್ರಶಸ್ತಿಯ ಶಿಫಾರಸುಗಳಾದರೋ ಅದಕ್ಕೆ ತದ್ವಿರುದ್ಧ. ಹಳೆಯ ಹಾಳೆಗಳಲ್ಲೆಲ್ಲ ಅವೇ ಮೂರು ಪದಗಳು: ಪ್ರಾಮಾಣಿಕ, ಕರ್ತವ್ಯದಕ್ಷ, ಮನಮಿಳಾವು. ಕೊನೆಯದು ಮರಾಠಿ ಮಾತು, ಎಲ್ಲರೊಡನೆ ಹೊಂದಿಕೊಂಡು ಹೋಗುವವರು ಎಂದರ್ಥ. ಸತ್ತವರಿಗೂ ಅದೇ, ಇದ್ದವರಿಗೂ ಅದೇ. ಎಲ್ಲರೂ ಮನಮಿಳಾವುಗಳೇ ಆದಾಗ ಸಮಿತಿ ಹಾಳೆ ಓದುವುದನ್ನೇ ಬಿಟ್ಟು, ಗುರುತಿನವರ ಹೆಸರಿಗೆ ಟಿಕ್ ಹಾಕುತ್ತಿತ್ತು. ಚಂಪಾ ಆ ಮೂರು ಪದಗಳನ್ನು ಬಿಟ್ಟರು. ಥಾಣೆಯ ಶುದ್ಧೀಕರಣ ಘಟಕದಲ್ಲಿ ತಾಸಿಗೊಮ್ಮೆ ನೀರಿನ ಪರೀಕ್ಷೆ ಮಾಡುವ ಹೆಂಗಸೊಬ್ಬರಿಗೆ ಅವರು ಬರೆದದ್ದು ಇಷ್ಟೇ: 'ಹದಿನಾಲ್ಕು ವರ್ಷಗಳಲ್ಲಿ ಒಂದು ತಾಸಿನ ದಾಖಲೆಯನ್ನೂ ಇವರು ಮುಂಚಿತವಾಗಿ ಬರೆದಿಟ್ಟದ್ದಿಲ್ಲ.' ಹೆಚ್ಚಿನವರು ರಿಜಿಸ್ಟರನ್ನು ಮುಂಚೆಯೇ ತುಂಬಿಡುತ್ತಾರೆಂದು ಬಲ್ಲ ಸಮಿತಿಯವರು ಅದನ್ನು ಎರಡು ಸಲ ಓದಿದರು. ಪ್ರಶಸ್ತಿ ಬಂತು.

ಹೀಗೆ ಬರೆಯುವುದರಲ್ಲಿ ಒಂದು ಅಪಾಯವಿದೆ. ಅದು ಚಂಪಾರಿಗೆ ಹೊಳೆದದ್ದು ಇಪ್ಪತ್ತಾರನೆಯ ವರ್ಷದಲ್ಲಿ, ಪೂವಪ್ಪನವರ ಹಾಳೆ ಬರೆದಾಗ.

ಪೂವಪ್ಪ ಪುತ್ತೂರಿನ ಕಡೆಯವರು. ಹದಿನಾರನೆಯ ವಯಸ್ಸಿಗೆ ಹೋಟೆಲಿನ ಟೇಬಲ್ ಒರೆಸಲು ಬಂದವರು. ಆಮೇಲೆ ಮಂಡಳಿಯಲ್ಲಿ ದಿನಗೂಲಿ, ಕೊನೆಗೆ ಖಾಯಂ. ಮುಂಬ್ರಾದ ಗುಡ್ಡದ ಮೈಯಲ್ಲಿರುವ ಒಂದು ನೀರಿನ ಟಾಕಿಯ ಚಾವಿವಾಲಾ. ನೆಲದೊಳಗಿನ ವಾಲ್ವುಗಳನ್ನು ಆಳೆತ್ತರದ ಕಬ್ಬಿಣದ ಚಾವಿಯಿಂದ ತಿರುಗಿಸಿ, ಯಾವ ಬಡಾವಣೆಗೆ ಯಾವ ಹೊತ್ತಿಗೆ ನೀರು ಹೋಗಬೇಕೋ ಆ ಹೊತ್ತಿಗೆ ಬಿಡುವವರು. ಹೋದ ವರ್ಷ ಮೇ ಮೂವತ್ತೊಂದಕ್ಕೆ ಅವರ ನಿವೃತ್ತಿ. ಪ್ರಶಸ್ತಿಗೆ ಅದೇ ಕೊನೆಯ ಅವಕಾಶ.

ಚಂಪಾ ನಾಲ್ಕೂವರೆಯ ಸ್ಲೋ ಲೋಕಲಿನಲ್ಲಿ ಮುಂಬ್ರಾಕ್ಕೆ ಹೋಗಿ ನೋಡಿದರು. ಪೂವಪ್ಪನವರ ಡ್ಯೂಟಿ ಸುರುವಾಗುವುದು ಐದೂವರೆಗೆ. ಅವರು ಐದಕ್ಕೇ ಬಂದರು. ಐದು ಗಂಟೆ ಐದು ನಿಮಿಷಕ್ಕೆ ಗುಡ್ಡದ ತುದಿಯ ನಲವತ್ತೆರಡು ಮನೆಗಳ ವಾಲ್ವ್ ತೆರೆದರು. ಐದೂವರೆಗೆ ಅದನ್ನು ಮುಚ್ಚಿ ಕೆಳಗಿನ ಬಡಾವಣೆಗೆ ಬಿಟ್ಟರು. ಗುಡ್ಡದ ಮನೆಗಳಿಗೆ ಪಟ್ಟಿಯಲ್ಲಿರುವ ಹೊತ್ತು ಏಳೂ ಕಾಲು. ಅಷ್ಟು ಹೊತ್ತಿಗೆ ಕೆಳಗಿನವರು ಎಳೆದು ಟಾಕಿಯ ನೀರು ಇಳಿದಿರುತ್ತದೆ. ಒತ್ತಡ ಸಾಲದೆ ನೀರು ಮೇಲೆ ಹತ್ತುವುದಿಲ್ಲ. ಟಾಕಿ ತುಂಬಿರುವಾಗಲೇ ಬಿಟ್ಟರೆ ಇಪ್ಪತ್ತೈದು ನಿಮಿಷದಲ್ಲಿ ನಲವತ್ತೆರಡು ಮನೆಗೂ ಕೊಡ ತುಂಬುತ್ತದೆ. ಇದನ್ನು ಪೂವಪ್ಪ ಒಂಬತ್ತು ವರ್ಷದ ಹಿಂದೆ ತಾವೇ ಕಂಡುಕೊಂಡು ಮಾಡುತ್ತಾ ಬಂದಿದ್ದರು.

ಚಂಪಾ ಕಂಡದ್ದನ್ನು ಕಂಡ ಹಾಗೆ ಬರೆದರು. 'ಒಂಬತ್ತು ವರ್ಷಗಳಿಂದ ಪ್ರತಿದಿನ ಕರ್ತವ್ಯದ ವೇಳೆಗೆ ಇಪ್ಪತ್ತೈದು ನಿಮಿಷ ಮುಂಚೆ, 5.05ಕ್ಕೆ, ಎತ್ತರದ ಮನೆಗಳಿಗೆ ಮೊದಲು ನೀರು ಬಿಡುತ್ತಾರೆ.' ತಾನು ಬರೆದವುಗಳಲ್ಲೇ ಇದು ಒಳ್ಳೆಯದು ಎಂದು ಅವರಿಗೆ ಅನಿಸಿತ್ತು. ಈಗ ಅದನ್ನು ಹೇಳುವಾಗ ಅವರ ಮುಖ ಬಾಡುತ್ತದೆ.

ಸಮಿತಿಯಲ್ಲಿ ಆ ವರ್ಷ ದಕ್ಷತಾ ವಿಭಾಗದ, ಎಂದರೆ ವಿಜಿಲೆನ್ಸಿನ, ಹೊಸ ಅಧಿಕಾರಿಯೊಬ್ಬರಿದ್ದರು. ಅವರು ಹಾಳೆಯನ್ನು ನಿಜಕ್ಕೂ ಓದಿದರು. ವೇಳಾಪಟ್ಟಿ ತರಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಅಂಚಿನಲ್ಲಿ ಬರೆದರು: 'ಈ ವಾಲ್ವಿನ ಅಧಿಕೃತ ವೇಳೆ 7.15. ಯಾರ ಆದೇಶದಿಂದ 5.05ಕ್ಕೆ ತೆರೆಯಲಾಗುತ್ತಿದೆ?'

ಏಪ್ರಿಲ್ ಎರಡನೆಯ ವಾರ ಪೂವಪ್ಪನವರ ಕೈಗೆ ಶೋಕಾಸ್ ನೋಟಿಸು ಬಂತು. ಅಧಿಕಾರವಿಲ್ಲದೆ, ವೇಳೆಯಲ್ಲದ ವೇಳೆಯಲ್ಲಿ ಒಂಬತ್ತು ವರ್ಷ ನೀರು ಬಿಟ್ಟದ್ದಕ್ಕೆ ಕಾರಣ ಕೊಡಬೇಕು. ಅದಕ್ಕೆ ಪುರಾವೆಯಾಗಿ ಲಗತ್ತಿಸಿದ್ದದ್ದು ಚಂಪಾ ಬರೆದ ಹಾಳೆ.

ನೋಟಿಸು ಬಾಕಿ ಇರುವಾಗ ನಿವೃತ್ತಿಯಾದರೆ ವಿಚಾರಣೆ ಬೆನ್ನಿಗೇ ಬರುತ್ತದೆ. ಪಿಂಚಣಿಯ ಕಾಗದ ನಿಲ್ಲುತ್ತದೆ. ಮೂವತ್ತೈದು ವರ್ಷಗಳಲ್ಲಿ ಒಂದು ಕೆಂಪು ಗೆರೆಯಿಲ್ಲದ ಸರ್ವಿಸ್ ಬುಕ್ಕಿಗೆ ಕೊನೆಯ ಪುಟದಲ್ಲಿ ಕೆಂಪು ಬೀಳುತ್ತದೆ. ಉಳಿದಿದ್ದದ್ದು ಏಳು ವಾರ.

ಸಿಬ್ಬಂದಿ ಶಾಖೆಯ ಅಧೀಕ್ಷಕರು ಒಳ್ಳೆಯ ಮನುಷ್ಯ. ಚಂಪಾರನ್ನು ಕರೆದು ದಾರಿ ಹೇಳಿಕೊಟ್ಟರು. ಸರಕಾರಿ ಕಚೇರಿಯಲ್ಲಿ ಎಂಥ ಗಂಟನ್ನೂ ಬಿಚ್ಚುವ ದಾರಿ ಅದು. "ಚಂಪಾತಾಯಿ, ಟೈಪಿಂಗ್ ದೋಷ ಅಂತ ಒಂದು ತಿದ್ದುಪಡಿ ಹಾಕಿ. ಐದೂವರೆ ಅಂತ ಇರಬೇಕಾದದ್ದು ಐದು ಐದು ಅಂತ ಬಿದ್ದಿದೆ, ಉಳಿದದ್ದೂ ಕಣ್ತಪ್ಪು ಅಂತ ಬರೀರಿ. ನಾನು ಸಹಿ ಮಾಡ್ತೇನೆ. ಮುಗೀತು."

ಮನೆಯಲ್ಲಿ ಮಗಳು ದಿಶಾ ಕೂಡ ಅದನ್ನೇ ಹೇಳಿದಳು, ತನ್ನ ಭಾಷೆಯಲ್ಲಿ: "ಮಮ್ಮಿ, ಟೈಪಿಂಗ್ ಮಿಸ್ಟೇಕ್ ಬೋಲ್ ದೇ ನಾ. ಬಾತ್ ಖತಮ್."

ವಸಂತಕುಮಾರ ಮೂರು ದಿನ ಚಾಕ್ಕೆ ಸಕ್ಕರೆ ಹಾಕಲು ಮರೆತರು. ಚಂಪಾರಿಗೆ ಅದು ಗೊತ್ತೂ ಆಗಲಿಲ್ಲ.

ಭಾನುವಾರ ಚಂಪಾ ಮುಂಬ್ರಾಕ್ಕೆ ಹೋದರು. ಟಾಕಿಯ ಪಕ್ಕದ ಸಣ್ಣ ಕೋಣೆಯಲ್ಲಿ ಪೂವಪ್ಪ ಸ್ಟೂಲಿನ ಮೇಲೆ ಕೂತಿದ್ದರು. ಇಬ್ಬರ ಮಾತು ತುಳುವಿನಲ್ಲಿ ನಡೆಯಿತು. ಚಂಪಾ ಅದನ್ನು ಕನ್ನಡದಲ್ಲಿ ಹೀಗೆ ಹೇಳುತ್ತಾರೆ.

"ಟೈಪಿಂಗ್ ತಪ್ಪು ಅಂತಲೇ ಬರೆದುಬಿಡಿ ಅಕ್ಕಾ," ಎಂದರು ಪೂವಪ್ಪ. "ನನಗೆ ಶಾಲು ಬೇಡ. ಮೂವತ್ತೊಂದಕ್ಕೆ ಹೆಸರಿಗೆ ಮಸಿ ಇಲ್ಲದೆ ಊರಿಗೆ ಹೋದರೆ ಸಾಕು."

"ಬರೆಯಬಹುದು ಪೂವಪ್ಪಣ್ಣ. ನಿಮ್ಮ ನೋಟಿಸು ಹೋಗ್ತದೆ. ಆದ್ರೆ ಐದು ಐದಕ್ಕೆ ನೀವು ವಾಲ್ವ್ ತೆರೆದೇ ಇಲ್ಲ ಅಂತ ಆಗ್ತದೆ. ಮತ್ತೆ ಗುಡ್ಡದವರಿಗೆ ಏಳೂ ಕಾಲೇ ಗಟ್ಟಿ."

"ಈಗಲೂ ಏಳೂ ಕಾಲೇ. ನೋಟಿಸು ಬಂದ ಮೇಲೆ ನಾನು ನಿಲ್ಲಿಸಿದ್ದೇನೆ. ಇವತ್ತಿಗೆ ಹನ್ನೊಂದು ದಿನ."

"ಜೋರು ಮಾಡ್ತಾರಾ ಅವರು?"

ಪೂವಪ್ಪ ತಲೆಯಾಡಿಸಿದರು. "ಬೈದಿದ್ರೆ ಆಗ್ತಿತ್ತು. ಬೈಗುಳ ಕೇಳಿ ಅಭ್ಯಾಸ ಉಂಟು. ಒಬ್ಬರೂ ಬೈಲಿಲ್ಲ. ಕೊಡ ಕೆಳಗಿಟ್ಟು ನನ್ನ ಮುಖ ನೋಡ್ತಾರೆ. 'ಚಾಚಾ, ತಬಿಯತ್ ಠೀಕ್ ಹೈ ನಾ?' ಅಂತಾರೆ. ನನಗೆ ಹುಷಾರಿಲ್ಲ ಅಂತ ಗ್ರಹಿಸಿದ್ದಾರೆ ಅವರು."

ಆಮೇಲೆ ಚಂಪಾ, ಉತ್ತರ ಬೇಕೆಂದೇನೂ ಅಲ್ಲದೆ, ಒಂದು ಪ್ರಶ್ನೆ ಕೇಳಿದರು. "ಲಾಗ್ ಬುಕ್ಕಿನಲ್ಲಿ ಎಂತ ಬರೀತಿದ್ರಿ, ಪಟ್ಟಿಯಲ್ಲಿ ಇದ್ದ ಹೊತ್ತೇ ಅಲ್ವಾ?"

ಪೂವಪ್ಪ ಅವರನ್ನು ವಿಚಿತ್ರವಾಗಿ ನೋಡಿದರು. "ಇಲ್ಲ. ತೆರೆದದ್ದು ಐದು ಐದಕ್ಕೆ. ಏಳೂ ಕಾಲು ಅಂತ ಯಾಕೆ ಬರೆಯುವುದು?"

ಕೋಣೆಯ ಮೂಲೆಯಲ್ಲಿ, ಬ್ಲೀಚಿಂಗ್ ಪೌಡರಿನ ಚೀಲಗಳ ಕೆಳಗೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಒಂಬತ್ತು ರಿಜಿಸ್ಟರುಗಳು. ಪ್ರತಿ ಪುಟದಲ್ಲೂ ಪೂವಪ್ಪನವರ ಡೊಂಕು ಅಂಕಿಗಳು: 5.05, 5.30. ಪ್ರತಿ ತಿಂಗಳ ಕೊನೆಗೆ, ಪುಟದ ಕೆಳಗೆ, ಕಿರಿಯ ಇಂಜಿನಿಯರರ ಸಹಿ. ಅದರ ಮೇಲೆ ಒಂದೇ ಮರಾಠಿ ಪದ, 'ಪಾಹಿಲೆ'. ನೋಡಿದೆ ಎಂದರ್ಥ. ಚಂಪಾ ನೆಲದಲ್ಲಿ ಕೂತು ಎಣಿಸಿದರು. ನೂರ ಎಂಟು ಸಹಿಗಳು. ಐದು ಮಂದಿ ಇಂಜಿನಿಯರುಗಳು. ಅವರಲ್ಲಿ ಒಬ್ಬರು ಈಗ ಬೇಲಾಪುರದ ಕಚೇರಿಯ ಐದನೆಯ ಮಹಡಿಯಲ್ಲಿ, ದೊಡ್ಡ ಕುರ್ಚಿಯಲ್ಲಿದ್ದಾರೆ. ಒಂಬತ್ತು ವರ್ಷ ಪೂವಪ್ಪ ದಿನಾ ನಿಜ ಬರೆದಿದ್ದರು. ಒಂಬತ್ತು ವರ್ಷ ಯಾರೂ ಅದನ್ನು ಓದದೆ 'ನೋಡಿದೆ' ಎಂದಿದ್ದರು.

"ಪೂವಪ್ಪಣ್ಣ, ಎರಡು ದಾರಿ ಉಂಟು," ಎಂದರು ಚಂಪಾ. "ಟೈಪಿಂಗ್ ತಪ್ಪು ಅಂತ ಬರೆದ್ರೆ ನೀವು ನಾಳೆಯೇ ಪಾರು. ಈ ಪುಸ್ತಕ ಇಟ್ಟು ಬರೆದ್ರೆ ಏನಾಗ್ತದೆ ಅಂತ ನಾನು ಹೇಳಲಾರೆ. ಕಳೆದ ಸಲ ನಿಮ್ಮನ್ನು ಕೇಳದೆ ಬರೆದೆ. ಈ ಸಲ ನೀವು ಹೇಳಿದ್ದೇ."

ಪೂವಪ್ಪ ಆ ದಿನ ರಿಜಿಸ್ಟರುಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಮುಚ್ಚಿದರು. ಅಳುಕು ಇದ್ದೇ ಇತ್ತು. ಮನೆಯಲ್ಲಿ ಹೆಂಡತಿ ಊರಿಗೆ ಹೊರಡುವ ಸಾಮಾನು ಕಟ್ಟಿಟ್ಟಿದ್ದರು. ಬುಧವಾರ ಮಧ್ಯಾಹ್ನ, ಚಂಪಾ ಊಟದ ಡಬ್ಬಿ ತೆರೆಯುವ ಹೊತ್ತಿಗೆ, ಮುಂಬ್ರಾದಿಂದ ಬೇಲಾಪುರದ ತನಕ ಒಂಬತ್ತೂ ರಿಜಿಸ್ಟರುಗಳನ್ನು ಗೋಣಿಚೀಲದಲ್ಲಿ ಹೊತ್ತುಕೊಂಡು ಅವರು ಮೇಜಿನ ಮುಂದೆ ಬಂದು ನಿಂತರು. "ಬರೀರಿ ಅಕ್ಕಾ. ಇವತ್ತು ಒಂದು ಮುದುಕಿ ನನಗೆ ಕಷಾಯ ತಂದುಕೊಟ್ಟಳು. ಕುಡಿಯುವಾಗ ಭಾರೀ ನಾಚಿಕೆಯಾಯ್ತು."

ಉತ್ತರ ನಾಲ್ಕು ಸಾಲಿನದು. ಹೌದು, ತೆರೆಯುತ್ತಿದ್ದೆ. ಪ್ರತಿದಿನ ಅದೇ ವೇಳೆ ಬರೆದಿದ್ದೇನೆ. ಪ್ರತಿ ತಿಂಗಳು ಮೇಲಧಿಕಾ‌ರಿಗಳು ನೋಡಿದ್ದಾರೆ. ನೂರ ಎಂಟು ಸಹಿಗಳ ಪ್ರತಿ ಲಗತ್ತಿಸಿದೆ. ಅದರ ಹಿಂದೆ ಚಂಪಾ ತಮ್ಮದೊಂದು ಟಿಪ್ಪಣಿ ಸೇರಿಸಿದರು: ಶಿಫಾರಸಿನಲ್ಲಿರುವುದು ಕಣ್ಣಾರೆ ಕಂಡದ್ದು, ಟೈಪಿಂಗ್ ದೋಷವಲ್ಲ. ಎರಡಕ್ಷರದ ಗುರುತಿನ ಬದಲು, ಆ ಕಚೇರಿಯಲ್ಲಿ ಮೊದಲ ಬಾರಿಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಅಧೀಕ್ಷಕರು ಕಡತವನ್ನು ಕೈಯಲ್ಲಿ ತೂಗಿ ನೋಡಿದರು. "ತಾಯಿ, ನೀವು ಐದು ಇಂಜಿನಿಯರುಗಳ ತಲೆ ಮೇಲೆ ಕೈ ಇಡ್ತಿದ್ದೀರಿ. ನಿಮಗೇ ವರ್ಗಾವಣೆ ಆದೀತು."

"ಆಗಲಿ ಸಾಹೇಬ್ರೆ. ಸಹಿ ಮಾಡಿದ ಕೈ ಅವರದೇ. ನಾನು ಝೆರಾಕ್ಸ್ ಮಾತ್ರ ಮಾಡಿದ್ದು."

ಕಡತ ಮೇಲಕ್ಕೆ ಹೋಯಿತು. ಮೊದಲ ವಾರ ಸುದ್ದಿಯಿಲ್ಲ. ಎರಡನೆಯ ವಾರ ಐದನೆಯ ಮಹಡಿಯಿಂದ ಚಂಪಾರಿಗೆ ಕರೆ ಬಂತು. ಅರ್ಧ ಗಂಟೆ ಹೊರಗೆ ಕೂರಿಸಿ, ಒಳಗೆ ಕರೆಯದೆ ವಾಪಸು ಕಳಿಸಿದರು. ಮೇ ಒಂದರ ಸಮಾರಂಭ ಬಂದು ಹೋಯಿತು, ಪೂವಪ್ಪನವರ ಹೆಸರಿರಲಿಲ್ಲ. ಮೂರನೆಯ ವಾರ ಕಡತ ಇಳಿದು ಬಂತು. ಪೂವಪ್ಪನವರನ್ನು ವಿಚಾರಿಸಿದರೆ ಸಹಿ ಹಾಕಿದ ಐವರು ಇಂಜಿನಿಯರುಗಳನ್ನೂ ವಿಚಾರಿಸಬೇಕಾಗುತ್ತದೆ ಎಂಬುದು ಮೇಲಿನವರಿಗೆ ಅರ್ಥವಾಗಿತ್ತು. ದಕ್ಷತಾ ಅಧಿಕಾರಿಗೆ ಮಾತ್ರ ಒಂದು ಮೆಚ್ಚುಗೆ ಸಲ್ಲಬೇಕು. ಅವರು ಒಂದು ದಿನ ಬೆಳಿಗ್ಗೆ ತಾವೇ ಗುಡ್ಡಕ್ಕೆ ಹೋಗಿ, ಏಳೂ ಕಾಲಿಗೆ ನಲ್ಲಿಯಲ್ಲಿ ಬರುವ ನೂಲಿನಂಥ ನೀರನ್ನು ನೋಡಿ ಬಂದಿದ್ದರು. ಕಡತದಲ್ಲಿ ಎರಡು ಸಾಲು ಇತ್ತು. 'ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ಸ್ಥಳದ ಎತ್ತರವನ್ನು ಪರಿಗಣಿಸಿ ಸದರಿ ವಾಲ್ವಿನ ವೇಳೆಯನ್ನು 5.05 ಎಂದು ಪರಿಷ್ಕರಿಸಲಾಗಿದೆ.' ಪೂವಪ್ಪನವರ ಹೆಸರು ಅದರಲ್ಲೂ ಇರಲಿಲ್ಲ. ಚಂಪಾರಿಗೆ ಬಾಯಿಮಾತಿನ ಎಚ್ಚರಿಕೆ ಸಿಕ್ಕಿತು: ಇನ್ನು ಮುಂದೆ ಶಿಫಾರಸುಗಳನ್ನು ಸಾಮಾನ್ಯ ಶಬ್ದಗಳಲ್ಲಿ ಬರೆಯತಕ್ಕದ್ದು.

ಮೇ ಮೂವತ್ತೊಂದರಂದು ಪೂವಪ್ಪ ಸರ್ವಿಸ್ ಬುಕ್ಕಿನ ಕೊನೆಯ ಪುಟಕ್ಕೆ ಸಹಿ ಹಾಕಲು ಬಂದರು. ಕಪ್ಪು ಶಾಯಿಯ ಸಾಲುಗಳ ಮೇಲೆ ಬೆರಳು ಓಡಿಸಿ, ಕೆಂಪಿಲ್ಲವೆಂದು ಖಾತ್ರಿ ಮಾಡಿಕೊಂಡರು. ಸಹೋದ್ಯೋಗಿಗಳು ಬಟಾಟೆ ವಡೆ ಹಂಚಿದರು, ಗೋಡೆ ಗಡಿಯಾರ ಕೊಟ್ಟರು. ಹೊರಡುವಾಗ ಅವರು ಚಂಪಾರ ಮೇಜಿಗೆ ಬಂದು, "ಅಕ್ಕಾ, ಐದು ವಾರ ನನ್ನ ನಿದ್ದೆ ತೆಗೆದ್ರಿ," ಎಂದು ನಕ್ಕರು.

"ತಪ್ಪಾಯ್ತು ಪೂವಪ್ಪಣ್ಣ."

"ಬರೆದದ್ದು ತಪ್ಪಲ್ಲ. ಕೇಳದೆ ಬರೆದದ್ದು ತಪ್ಪು."

ಆ ಮಾತನ್ನು ಚಂಪಾ ಹಾಗೆಯೇ ಇಟ್ಟುಕೊಂಡಿದ್ದಾರೆ. ಸಾಮಾನ್ಯ ಶಬ್ದಗಳಲ್ಲಿ ಬರೆಯಬೇಕೆಂಬ ಆಜ್ಞೆಯನ್ನು ಅವರು ಪಾಲಿಸಿಲ್ಲ. ಈ ಜನವರಿಯಲ್ಲೂ ಮೂರೂ ಮುಕ್ಕಾಲಿಗೇ ಏಳುತ್ತಾರೆ. ಆದರೆ ಬರೆದದ್ದನ್ನು ಮೊದಲು ಆ ಮನುಷ್ಯನಿಗೇ ಓದಿ ಹೇಳುತ್ತಾರೆ. ಬೇಡವೆಂದ ಸಾಲನ್ನು ಹೊಡೆಯುತ್ತಾರೆ. ಹೊಡೆದ ಸಾಲುಗಳೇ ಹೆಚ್ಚಾಗಿ ಒಳ್ಳೆಯ ಸಾಲುಗಳು, ಅದರಿಂದಾಗಿ ಒಂದೆರಡು ಪ್ರಶಸ್ತಿ ತಪ್ಪಲೂಬಹುದು ಎಂಬುದು ಅವರಿಗೆ ಗೊತ್ತಿದೆ. "ನಿಯಮ ಮೀರದೆ ಒಳ್ಳೆ ಕೆಲಸ ಮಾಡಿದವರು ನಮ್ಮಲ್ಲಿ ಬಹಳ ಕಡಿಮೆ," ಎನ್ನುತ್ತಾರೆ. "ಹೊಗಳುವಾಗ ಅದು ಹೊರಗೆ ಬಂದುಬಿಡ್ತದೆ. ನನ್ನ ಪೆನ್ನಿನಿಂದ ಇನ್ನೊಬ್ಬರಿಗೆ ನೋಟಿಸು ಬರಬಾರದು, ಅಷ್ಟೇ."

ನಿವೃತ್ತಿಗೆ ಅವರಿಗೆ ಇನ್ನೂ ಎರಡು ವರ್ಷವಿದೆ. ಕಳೆದ ಬುಧವಾರ, ಬೇರೆ ಕೆಲಸಗಾರನೊಬ್ಬನನ್ನು ನೋಡಲು ಹೊರಟವರು ಮುಂಬ್ರಾದಲ್ಲಿ ಇಳಿದರು. ಗುಡ್ಡದ ಟಾಕಿಯಲ್ಲಿ ಪೂವಪ್ಪನವರ ಜಾಗಕ್ಕೆ ವರ್ಗವಾಗಿ ಬಂದ ಹೊಸ ಚಾವಿವಾಲಾ ಇದ್ದ. ಐದು ಗಂಟೆ ಐದು ನಿಮಿಷಕ್ಕೆ ಸರಿಯಾಗಿ ಅವನು ಚಾವಿ ಹಾಕಿ ತಿರುಗಿಸಿದ. ಮೇಲೆ, ಕತ್ತಲಿನಲ್ಲಿ, ಕೊಡಗಳ ಸದ್ದಾಯಿತು.

"ಇಷ್ಟು ಬೇಗ ಯಾಕಪ್ಪಾ ತೆರೀತೀ?" ಎಂದು ಚಂಪಾ ಹಿಂದಿಯಲ್ಲಿ ಕೇಳಿದರು.

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಟೈಮ್‌ಟೇಬಲ್ ಹೈ ಮ್ಯಾಡಮ್. ಇಧರ್ ಪೆಹಲೇ ಸೇ ಐಸಾಹೀ ಹೈ." ಇಲ್ಲಿ ಮೊದಲಿನಿಂದಲೂ ಹೀಗೇ.

ಚಂಪಾ ಅವನನ್ನು ತಿದ್ದಲಿಲ್ಲ. ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಪುತ್ತೂರಿಗೆ ಫೋನು ಮಾಡಿದರು. ಪೂವಪ್ಪ ಎದ್ದಿದ್ದರು, ಅಷ್ಟು ಹೊತ್ತಿಗೆ ಏಳದಿರುವುದು ಅವರಿಗೆ ಇನ್ನೂ ಬರುವುದಿಲ್ಲ. ಚಂಪಾ ನಡೆದದ್ದನ್ನು ನಡೆದ ಹಾಗೆ ಹೇಳಿದರು.

"ಮೊದಲಿನಿಂದಲೂ ಹೀಗೇ ಅಂದನಾ?"

"ಹಾಗೆಯೇ ಅಂದ."

"ಹಾಗಾದ್ರೆ ಸರಿ ಅಕ್ಕಾ," ಎಂದರು ಪೂವಪ್ಪ. "ಇನ್ನು ಅದನ್ನು ಯಾರೂ ಮುಟ್ಟುವುದಿಲ್ಲ."